ಐಲಿವ್ ಓದಿದ ಹುಳಿ ಮಳೆ

ಹುಳಿ ಮಳೆ ಎಂಬ ಮಾತು ಆಸ್ಲೌಗಳ ಕಿವಿಗೆ ಮೊದಲು ಬಿದ್ದದ್ದು ಊರಿನ ಅಂಗಡಿಯಲ್ಲಿ, ಕಾಫಿಪುಡಿ ಕೊಳ್ಳಲು ನಿಂತಿದ್ದಾಗ. ರೇಡಿಯೋದಲ್ಲಿ ಯಾರೋ ಒಬ್ಬ ಬಾಯಿತುಂಬ ಇಂಗ್ಲಿಷ್ ಹೆಸರುಗಳನ್ನು ಹೇಳುತ್ತ ಹೋಗಿ, ಕೊನೆಗೆ, ಕಾರ್ಖಾನೆ ಹೊಗೆಯ ಆಮ್ಲ ಸೇರಿ ಬೀಳುವ ಮಳೆ ಇದು, ನಾರ್ವೆಯ ಮಾತಿನಲ್ಲಿ ಹುಳಿ ಮಳೆ ಅನ್ನೋಣ ಎಂದ.

"ಕೇಳಿದ್ಯಾ ಆಸ್ಲೌಗ್? ಇನ್ಮೇಲೆ ಹಾಲಿನ ಪಾತ್ರೆ ಅಂಗಳದಲ್ಲಿಟ್ರೆ ಸಾಕು, ಮಳೆನೇ ಹೆಪ್ಪು ಹಾಕುತ್ತೆ" ಎಂದ ಅಂಗಡಿಯ ತೂರ್ಮೋದ್.

ಎಲ್ಲರೂ ನಕ್ಕರು. ಆಸ್ಲೌಗ್ ನಗಲಿಲ್ಲ. ತೂರ್ಮೋದ್ ತನ್ನನ್ನು ಹೆಸರು ಹಿಡಿದು ಮಾತಾಡಿಸಿ ಎಷ್ಟು ಕಾಲವಾಯಿತು ಎಂದು ಅವಳು ಯೋಚಿಸುತ್ತಿದ್ದಳು.

ಊರ ಕೆರೆಯಲ್ಲಿ ಟ್ರೌಟ್ ಮೀನು ಮುಗಿದದ್ದು ಅವಳ ಗಂಡ ಸ್ವೆನುಂಗ್ ಬಲೆ ಬೀಸುತ್ತಿದ್ದ ಕಾಲದಲ್ಲಿ. ಸಣ್ಣ ಕಣ್ಣಿನ ಬಲೆ ಹಾಕಿ ಮರಿಗಳನ್ನೂ ಬಿಡದೆ ಬಾಚಿದ ಎಂದು ಊರು ಅಂದುಕೊಂಡಿತು. ಅವನ ಮುಖಕ್ಕೆ ಯಾರೂ ಹೇಳಲಿಲ್ಲ. ಅವನ ದೋಣಿಯಲ್ಲಿ ಕೂರುವುದನ್ನು ಬಿಟ್ಟರು, ಅಷ್ಟೇ. ಅವನು ಆ ಮಾತನ್ನು ಹೊತ್ತುಕೊಂಡೇ ಸತ್ತ. ಆಮೇಲೆ ದೋಣಿ ದಡದಲ್ಲಿ ಬೋರಲು ಬಿತ್ತು; ಕ್ರಿಸ್‌ಮಸ್ ಕಾಫಿಗೆ ಆಸ್ಲೌಗಳ ಮನೆ ಬಾಗಿಲು ತಟ್ಟುವವರು ಇಲ್ಲವಾದರು.

ಮಂಜು ಕರಗಿದ ಮೇಲೆ ಐಲಿವ್ ಬಂದ. ಕೆರೆಗಳನ್ನು ಪರೀಕ್ಷಿಸುವವರ ಜೊತೆ ಓಸ್ಲೋದಿಂದ ಬಂದವನು. ಅವನ ಕೆಲಸ ಮಾತ್ರ ನೀರಿನದಲ್ಲ, ಮಾತಿನದು. ವಿಜ್ಞಾನಿಗಳು ಇಂಗ್ಲಿಷಿನಲ್ಲಿ ಇಟ್ಟ ಒಂದೊಂದು ಹೆಸರಿಗೂ ಪಕ್ಕದಲ್ಲಿ ನಾರ್ವೆಯ ಹೆಸರು ಇಡಬೇಕು, ಕೆಳಗೆ ಅರ್ಥ ಬರೆಯಬೇಕು. ಆಸ್ಲೌಗ್ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಳು.

ಐಲಿವನ ತಾಯಿ ಇಂಗ್ಲೆಂಡಿನವಳು, ನಾವಿಕನನ್ನು ಕಟ್ಟಿಕೊಂಡು ಬಂದವಳು. ಅವಳು ಹೋದಾಗ ಮನೆಯಲ್ಲಿ ಇಂಗ್ಲಿಷ್ ನಿಂತಿತು. ತಂದೆ ಹಡಗಿನಿಂದ ಬಂದರೂ ಯಾವ ಭಾಷೆಯಲ್ಲೂ ಮಾತಾಡುವವನಲ್ಲ. ಹೀಗೆ ಎರಡು ಭಾಷೆ ಇದ್ದೂ ಮಾತಾಡಲು ಒಬ್ಬರೂ ಇಲ್ಲದೆ ಬೆಳೆದವನು ಐಲಿವ್. ಮದುವೆಯಾಗಲಿಲ್ಲ. ಕಿಟಕಿಯ ಹತ್ತಿರ ನಿಂತೇ ಬ್ರೆಡ್ಡು ತಿನ್ನುತ್ತಿದ್ದ. ಬಂದು ಎಷ್ಟು ದಿನವಾದರೂ ಆಸ್ಲೌಗಳ ಮನೆಯ ಫೋನು ಅವನಿಗೆಂದು ರಿಂಗಾಗಿರಲಿಲ್ಲ.

ಅವನದೊಂದು ಪದ್ಧತಿ ಇತ್ತು. ಬರೆದ ಅರ್ಥವನ್ನು ವಿಜ್ಞಾನ ಓದದ ಒಬ್ಬರಿಗೆ ಓದಿ ಹೇಳಬೇಕು. ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಿದರೆ ಮಾತ್ರ ಅದು ಪಾಸು. ಓಸ್ಲೋದಲ್ಲಿ ಕಚೇರಿಯ ಕಾವಲುಗಾರ ಕೇಳುತ್ತಿದ್ದನಂತೆ. ಇಲ್ಲಿ ಆಸ್ಲೌಗ್.

ಒಂದು ಸಂಜೆ 'ತಾಳುಮಿತಿ' ಎಂಬುದನ್ನು ಓದಿದ. ಒಂದು ಕೆರೆ ಇಷ್ಟು ಹುಳಿ ತಾಳಬಲ್ಲದು, ಅದರಾಚೆ ಕೆಡುತ್ತದೆ, ಆ ಗೆರೆ.

"ಸ್ವೆನುಂಗ್ ಒಂದಿನ ಅಂಗಡಿಗೆ ಹೋಗೋದೇ ಬಿಟ್ಟ. ಅದೇ ಗೆರೆ" ಎಂದಳು.

"ಅದನ್ನ ಬರೆಯೋಕಾಗಲ್ಲ."

"ಬರೀಬೇಡಿ. ಕೇಳಿದ್ರಿ, ಹೇಳಿದೆ."

ಮರುದಿನ ಅವಳು ಆಲೂಗಡ್ಡೆ ಸುಲಿಯುತ್ತಿದ್ದಾಗ ಹುಳಿ ಮಳೆಯದನ್ನೇ ಓದಿದ. ಹುಳಿ ಏರಿದ ನೀರಿನಲ್ಲಿ ಮೊದಲು ಮೀನಿನ ಮೊಟ್ಟೆ ಕೆಡುತ್ತದೆ. ಮರಿ ಹುಟ್ಟುವುದು ನಿಲ್ಲುತ್ತದೆ. ಹಳೆಯ ದೊಡ್ಡ ಮೀನುಗಳಷ್ಟೇ ಕೆಲವು ವರ್ಷ ಉಳಿದು, ಕೊನೆಗೆ ಅವೂ ಮುಗಿಯುತ್ತವೆ.

ಚಾಕು ನಿಂತಿತು. ಅವಳು ತಿರುಗಿ ಹೇಳಲಿಲ್ಲ.

"ಕೊನೆಕೊನೆಗೆ ನಮ್ಮ ಬಲೆಗೆ ದೊಡ್ಡ ಮೀನೇ ಬೀಳ್ತಿದ್ವು" ಎಂದಳು. "ಮೊಳಕೈ ಉದ್ದದವು. ನಾನೇ ಸೀಳಿ ಉಪ್ಪು ಹಾಕಿದೀನಿ. ಮರಿ ಒಂದೂ ಇರ್ತಿರ್ಲಿಲ್ಲ."

"ಇರಲ್ಲ."

"ಹಾಗಾದ್ರೆ ಅವನು ಮರಿ ಬಾಚಿದ ಅನ್ನೋದು…"

"ಬಾಚೋಕೆ ಮರಿ ಎಲ್ಲಿತ್ತು?"

ಆಲೂಗಡ್ಡೆ ನೀರಿನಲ್ಲಿ ಹಾಗೇ ಉಳಿಯಿತು. ಅವಳು ಕೈ ಒರೆಸಿಕೊಂಡು ಕೇಳಿದಳು. "ಹುಳಿ ತಗ್ಗಿಸೋಕೆ ಕೆರೆಗೆ ಸುಣ್ಣ ಹಾಕೋ ವಿಚಾರಕ್ಕೆ ಊರವರು ಸೇರ್ತಾರೆ. ಅಲ್ಲಿ ಇದನ್ನ ಓದ್ತೀರಾ?"

"ಜನರ ಮುಂದೆ ನಾನು ಓದಿದವನಲ್ಲ."

"ನಾನೂ ಜನಾನೇ ಅಲ್ವಾ?"

"ನೀವು ಒಬ್ಬರು."

ಆದರೂ ಊರ ಸಭೆಯಲ್ಲಿ ಓದಿದ. ಕಿವಿ ಕೆಂಪಾಗಿತ್ತು. ದೊಡ್ಡ ಮೀನಿನ ಸಾಲು ಬಂದಾಗ ಅವನಾಗಿಯೇ ಎರಡು ಸಲ ಓದಿದ. ಯಾರೂ ತುಟಿ ಬಿಚ್ಚಲಿಲ್ಲ. ತೂರ್ಮೋದ್ ಎದ್ದು ಕಾಫಿ ಬಗ್ಗಿಸಲು ಹೋದ.

"ಕೆಟ್ಟದಾಗಿ ಓದಿದೆ" ಎಂದ ಐಲಿವ್, ದಾರಿಯಲ್ಲಿ.

"ಇಲ್ಲ, ಎಲ್ಲರಿಗೂ ಸರಿಯಾಗೇ ಕೇಳಿಸ್ತು. ಅದಕ್ಕೇ ಸುಮ್ಮನಾದ್ರು."

ಸುಣ್ಣ ಹಾಕುವ ದಿನ ಬೆಳಿಗ್ಗೆ ತೂರ್ಮೋದ್ ಅವಳ ಗೇಟಿನ ಹತ್ತಿರ ಟೋಪಿ ಹಿಡಿದು ನಿಂತಿದ್ದ.

"ಅಗಲ ಇರೋ ದೋಣಿ ಬೇಕಿತ್ತು. ಸ್ವೆನುಂಗಂದು ಅಗಲ."

"ನಿನ್ನದಕ್ಕೇನಾಯ್ತು?"

"ಏನೂ ಆಗಿಲ್ಲ." ಅವನು ಟೋಪಿಯನ್ನೇ ನೋಡಿದ. "ಆದ್ರೂ ಅದೇ ಆಗಬೇಕು ಅಂತ."

ಆಸ್ಲೌಗ್ ಗೇಟು ತೆರೆದಳು. ಆಮೇಲೆ, "ಹುಟ್ಟು ಕೊಟ್ಟಿಗೆಯಲ್ಲಿದೆ, ತಗೊಂಡು ಹೋಗು" ಎಂದಳು.

ತೂರ್ಮೋದ್ ದೋಣಿ ಮಗುಚಿ, ಒಳಗಿನ ಎಲೆ ಗುಡಿಸಿ, ಸ್ವೆನುಂಗ್ ಕೂರುತ್ತಿದ್ದ ಹಲಗೆಯ ಮೇಲೆ ಕೂತ. ಬಿಳಿಯ ಪುಡಿ ನೀರಿನ ಮೇಲೆ ಹೊಗೆಯ ಹಾಗೆ ಎದ್ದಿತು. ಅವಳು ಮನೆಯಲ್ಲಿದ್ದ ಕಾಫಿ ಕಪ್ಪುಗಳನ್ನೆಲ್ಲ ತೊಳೆದು ಹೊರಗಿಟ್ಟಳು. ತೂರ್ಮೋದ್ ಒಬ್ಬ ಬಂದು, ನಿಂತುಕೊಂಡೇ ಕುಡಿದು ಹೋದ. ಉಳಿದ ಕಪ್ಪುಗಳನ್ನು ಅವಳು ಹಾಗೇ ಒಳಗೆ ಜೋಡಿಸಿದಳು.

ಬೇಸಿಗೆ ಕಳೆಯುವಷ್ಟರಲ್ಲಿ ಓಸ್ಲೋದಿಂದ ಕರೆ ಬಂತು. ವಿಜ್ಞಾನಿಗಳಿಗೆ ಇಂಗ್ಲಿಷೇ ಸಾಕು, ಮಾತಿನ ಕೆಲಸ ನಿಲ್ಲಿಸಿ ಬನ್ನಿ ಎಂದು. ಆ ಫೋನಿನಲ್ಲಿ ಐಲಿವನ ಹೆಸರು ಕೇಳಿದ್ದು ಅದೊಂದೇ ಸಲ.

ಆಸ್ಲೌಗ್ ಬಸ್ಸಿನ ತನಕ ಹೋದಳು. ಅವನು ಪೆಟ್ಟಿಗೆ ಮೇಲಿಟ್ಟು, ಮೆಟ್ಟಿಲ ಮೇಲೆ ನಿಂತು ತಿರುಗಿದ.

"ಕೆರೆಯಲ್ಲಿ ಮೀನು ಕಂಡರೆ ಫೋನ್ ಮಾಡ್ತೀರಾ? ದೊಡ್ಡದಲ್ಲ. ಮರಿ."

"ಮಾಡ್ತೀನಿ. ವರ್ಷಗಟ್ಟಲೆ ಬರದೇ ಹೋದ್ರೆ?"

ಡ್ರೈವರು ಹಾರನ್ ಒತ್ತಿದ. ಐಲಿವ್ ಕಂಬಿ ಹಿಡಿದುಕೊಂಡ.

"ಬಂದಿಲ್ಲ ಅಂತ ಹೇಳೋಕಾದ್ರೂ ಮಾಡಿ."