ನಾನು ಹಾಕದ ಹರಳು

ಗಿಡಕ್ಕೆ ಕಿವಿ ಇದೆ ಎನ್ನುವವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವಳು ನಾನು. ಓದಿದ್ದು ಸಾವಯವ ರಸಾಯನಶಾಸ್ತ್ರ. ಬೇರು, ತೊಗಟೆ, ಎಲೆಗಳೊಳಗೆ ಏನೇನು ಅಡಗಿದೆ ಎಂದು ಬೇರ್ಪಡಿಸಿ ನೋಡುವುದೇ ಕೆಲಸ. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ‘ವಿಜ್ಞಾನಿಗಳೇ ಬೆರಗಾದ ಪವಾಡ’ ಎಂದು ಕಳಿಸಿದರೆ, ಯಾವ ವಿಜ್ಞಾನಿ, ಯಾವ ಊರು ಎಂದು ಕೇಳಿ ಬೈಸಿಕೊಂಡಿದ್ದೇನೆ. ಈಗ ಇದನ್ನು ಓದಿ ಅವರೆಲ್ಲ ಮೀಸೆಯಡಿ ನಗುತ್ತಾರೆಂದು ಗೊತ್ತು. ನಗಲಿ. ನನ್ನ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಹುಣಸೂರು ತಾಲ್ಲೂಕಿನ ಗುರುಪುರದ ಮಗ್ಗುಲಲ್ಲಿದೆ. ನಮ್ಮ ಹೊಲದ ಬದುವಿನಲ್ಲಿ ಒಂದು ಗಿಡ ಬೆಳೆದಿದೆ. ಮೈ ಉಷ್ಣವಾದರೆ ಅದರ ಬೇರಿನ ಕಷಾಯ ಕುಡಿಯುತ್ತೇವೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ಗುದ್ದಲಿ ಹಿಡಿದು ಬರುವವರಿದ್ದಾರೆ. ಆ ಬೇರಿನಿಂದ, ಅದುವರೆಗೆ ಯಾರೂ ವರದಿ ಮಾಡಿರದ ಒಂದು ವಸ್ತುವನ್ನು ಮೈಸೂರಿನ ಲ್ಯಾಬಿನಲ್ಲಿ ನಾನು ಬೇರ್ಪಡಿಸಿದ್ದೆ. ನನ್ನ ಪಿಎಚ್‌ಡಿಯ ಮುಖ್ಯ ಅಧ್ಯಾಯ ಅದೇ ಆಗಬೇಕಿತ್ತು. ಆದರೆ ಅದು ಜೇನುತುಪ್ಪದ ಹಾಗೆ ಅಂಟಂಟು ಪಾಕವಾಗಿ ಕೂತುಬಿಟ್ಟಿತ್ತು. ಹರಳುಗಟ್ಟಿದರೆ ಎಕ್ಸ್-ರೇ ಹಾಯಿಸಿ ಅದರೊಳಗೆ ಯಾವ ಪರಮಾಣು ಎಲ್ಲಿದೆ ಎಂದು ತೋರಿಸಬಹುದು. ಪಾಕವಾಗಿಯೇ ಉಳಿದರೆ ನಾನು ಹೇಳಿದ್ದೆಲ್ಲ ಬರೀ ಊಹೆ ಎಂದು ಪರೀಕ್ಷಕರು ತಳ್ಳಿಹಾಕುತ್ತಾರೆ.

ಹರಳು ಬರಿಸಲು ನಮ್ಮವರು ಏನೇನು ಮಾಡುತ್ತಾರೋ ಅದೆಲ್ಲ ಮಾಡಿದೆ. ದ್ರಾವಕ ಬದಲಿಸಿದೆ, ಫ್ರಿಜ್ಜಿನಲ್ಲಿಟ್ಟೆ, ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಮೈ ಕೆರೆದೆ. ಕೆರೆದ ಗೆರೆಯ ಮೇಲೆ ಮೊದಲ ಹರಳು ಬಂದು ಕೂರುವುದುಂಟು. ಜಪ್ಪಯ್ಯ ಎಂದರೂ ಕಟ್ಟಲಿಲ್ಲ. ಫೋನಿನಲ್ಲಿ ಅವ್ವನ ಹತ್ತಿರ ಗೋಳಾಡಿದಾಗ ಅವಳು ಕೆ.ಆರ್. ನಗರದ ತನ್ನ ತವರಿನ ಆಲೆಮನೆಯನ್ನು ನೆನೆಸಿಕೊಂಡು, “ಬೆಲ್ಲದ್ ಪಾಕಾನೂ ಒಂದೊಂದ್ ದಪ ಅಂಗೇ ಆಟ ಆಡುಸ್ತದೆ ಕಣವ್ವ, ಬುಡು” ಎಂದು ಸಮಾಧಾನ ಮಾಡಿದಳು.

ಬೇರು ಅಗೆದು ಕಳಿಸಿದ್ದವಳೂ ಅವ್ವನೇ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಔಷಧಿಗೆಂದು ಬೇರು ಕೀಳುವ ಮುಂಚೆ ಗಿಡದ ಮುಂದೆ ನಿಂತು, ಇದು ಇಂಥವರಿಗೆ ಎಂದು ಹೆಸರು ಹೇಳಬೇಕು. ಹೇಳದೆ ಕಿತ್ತ ಬೇರು ಮೈಗೆ ಹತ್ತುವುದಿಲ್ಲವಂತೆ. ನಾನು ಕಾಲೇಜಿಗೆ ಹೋಗುವಾಗಿನಿಂದಲೂ ಇದನ್ನು ಆಡಿಕೊಂಡು ನಗುತ್ತಿದ್ದೆ, ಅವ್ವನೂ ನನ್ನ ಜೊತೆ ನಕ್ಕು, ಹೆಸರು ಹೇಳಿಯೇ ಕೀಳುತ್ತಿದ್ದಳು.

ಅವತ್ತು ಸಂಜೆ. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಲ್ಯಾಬಿನಲ್ಲಿ ನಾನೊಬ್ಬಳೇ. ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿದೆ. ಪಾಕ ತಿಳಿಯಾಗಿತ್ತು, ಒಂದು ಕಣವೂ ಇರಲಿಲ್ಲ. ಅದಕ್ಕೆ ಎರಡು ಬೈದು, ಮೇಜಿನ ಮೇಲಿಟ್ಟು, ಕೈ ತೊಳೆಯಲು ಹೋದೆ. ಅಷ್ಟರಲ್ಲಿ ಅವ್ವನ ಫೋನ್ ಬಂತು. ಏದುಸಿರು ಬಿಡುತ್ತಿದ್ದಳು.

“ಈಗ ಕಟ್ತದೆ ನೋಡವ್ವ.”

“ಏನವ್ವ ಕಟ್ಟೋದು?”

“ನಿನ್ ಪಾಕ ಕಣವ್ವ. ಬದಿನ್ ಗಿಡದ್ ತಾವೇ ನಿಂತಿವ್ನಿ. ಅವತ್ತು ಬ್ಯಾರನ್‌ಗೆ ಬೆಂಕಿ ಆಕಿದ್ದೋ, ಬಸ್ ಬೇರೆ ಒಂಟೋಯ್ತದೆ ಅಂತ ಅಗ್ದು ಚೀಲುಕ್ ತುಂಬ್ಬುಟ್ಟೆ. ನಿನ್ನೆಸ್ರು ಯೋಳೋದೇ ಮರ್ತೋಗಿತ್ತು. ಈಗ ಗ್ಯಾನ ಬಂತು, ಓಡ್ಬಂದು ಯೋಳ್ದೆ.”

ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗೆ ಒಮ್ಮೆ ಬೆಂಕಿ ಹಾಕಿದರೆ ಅದರ ಮುಂದಿನಿಂದ ಏಳುವ ಹಾಗಿಲ್ಲ. ಅವಳು ನಡುವೆ ಓಡಿಹೋಗಿ ಬೇರು ಅಗೆದು, ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಚೀಲ ಕೊಟ್ಟು ಬಂದಿದ್ದಳು. ನನಗೆ ನಗು ಬಂತು. ಏನೋ ಹೇಳಲು ಬಾಯಿ ತೆರೆದು, ಫೋನ್ ಕಿವಿಯಲ್ಲಿಟ್ಟುಕೊಂಡೇ ಮೇಜಿನ ಕಡೆ ತಿರುಗಿದೆ.

ಫ್ಲಾಸ್ಕಿನ ತಳದಲ್ಲಿ ಒಂದು ಬಿಳಿ ಚುಕ್ಕೆ ಇತ್ತು. ನಾನು ನೋಡುತ್ತಿದ್ದಂತೆಯೇ ಅದರಿಂದ ಕೂದಲಿನಷ್ಟು ಸಣ್ಣ ಸೂಜಿಗಳು ಸುತ್ತಲೂ ಹೊರಟವು. ಒಂದರ ಬೆನ್ನಿಗೆ ಒಂದು, ಗಾಜಿನ ಗೋಡೆಯವರೆಗೂ. ಪಾಕವೆಲ್ಲ ಬೆಳ್ಳಗಾಯಿತು. ಆ ಕಡೆಯಿಂದ ಅವ್ವ “ಕಟ್ತಾ?” ಎಂದಳು. “ಹೂಂ” ಎಂದು, ಫೋನನ್ನು ಕಿವಿಯಿಂದ ಇಳಿಸಿ ಹರಳಿನದೊಂದು ಫೋಟೋ ತೆಗೆದೆ. ಮೇಜು ಹಿಡಿದುಕೊಂಡು ನಿಂತೆ. ಹೆದರಿದ್ದೆ, ಅದನ್ನು ಹೇಳಲು ನಾಚಿಕೆಯಿಲ್ಲ.

ಹರಳು ದಿಢೀರನೆ ಕಟ್ಟುವುದು ಹೊಸದೇನಲ್ಲ ಎಂದು ನನಗೂ ಗೊತ್ತು. ಒಂದು ಧೂಳಿನ ಕಣ ಬಿದ್ದರೂ ಸಾಕು. ಆದರೆ ಅಷ್ಟು ದಿನ ಬೀಳದ ಧೂಳು ಅವ್ವನ ಫೋನ್ ಬರಲಿ ಎಂದು ಕಾದಿತ್ತೇ?

ಮಾರನೆಯ ಬೆಳಿಗ್ಗೆ ನನ್ನ ಗೈಡ್ ಭೂತಗನ್ನಡಿ ಹಿಡಿದು ನೋಡಿದರು. “ಭೇಷ್” ಎಂದರು. ಫೋನಿನ ವಿಷಯ ನಾನು ಎತ್ತಲಿಲ್ಲ. ಸೂಜಿಗಳು ತೀರಾ ತೆಳು, ಎಕ್ಸ್-ರೇಗೆ ಆಗುವುದಿಲ್ಲ, ಕರಗಿಸಿ ನಿಧಾನವಾಗಿ ದಪ್ಪ ಹರಳು ಬೆಳೆಸೋಣ ಎಂದರು. ಅದು ಸರಿಯೇ. “ಸರ್, ಒಂದು ಚಿಟಿಕೆ ತೆಗೆದಿಡೋಣ, ಬೀಜಕ್ಕೆ ಬೇಕಾಗುತ್ತೆ” ಎಂದು ನಾನು ಬೇಡಿಕೊಂಡೆ. ಹರಳು ಬಾರದಿದ್ದರೆ ಹಳೆಯ ಹರಳಿನ ಚೂರನ್ನೇ ಬೀಜವಾಗಿ ಹಾಕುವುದು ಬಿಎಸ್ಸಿ ಮಕ್ಕಳಿಗೂ ಗೊತ್ತಿರುವ ಕೆಲಸ. “ನನಗೇ ಹೇಳಿಕೊಡ್ತೀರೇನ್ರೀ?” ಎಂದವರೇ ಬಿಸಿ ದ್ರಾವಕವನ್ನು ಫ್ಲಾಸ್ಕಿಗೆ ಸುರಿದುಬಿಟ್ಟರು. ಅಷ್ಟೂ ಕರಗಿತು. ಆರಿದ ಮೇಲೆ ಪಾಕವಾಯಿತು. ಹರಳು ತಿರುಗಿ ಬರಲೇ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ವಿಭಾಗದ ಸಭೆಯಲ್ಲಿ ಎಲ್ಲರೆದುರು ಅದೇ ಮನುಷ್ಯ, “ಇದು ಹರಳುಗಟ್ಟುವ ವಸ್ತುವೇ ಅಲ್ಲ, ಈಕೆ ಏನೋ ತಂದು ಹಾಕಿದ್ದಾರೆ” ಎಂದರು. ನೀವೇ ನೋಡಿದಿರಲ್ಲ ಸರ್ ಎಂದರೆ, ಸರಿಯಾಗಿ ಗಮನಿಸಿರಲಿಲ್ಲವಂತೆ! ನಾನು ಮೊಬೈಲಿನಲ್ಲಿ ತೆಗೆದಿದ್ದ ಫೋಟೋ ತೋರಿಸಿದೆ. “ಕಲ್ಲುಸಕ್ಕರೆ ಫೋಟೋನೂ ಹೀಗೇ ಇರುತ್ತೆ” ಎಂದರು. ಕೆಲವರು ನಕ್ಕರು. ಆ ಪಾಕವನ್ನು ಸಭೆಗೆ ಮುಂಚೆಯೇ ಮತ್ತೆ ಪರೀಕ್ಷಿಸಿದ್ದೆ, ಅದರಲ್ಲಿ ನನ್ನ ವಸ್ತುವಿನ ಹೊರತು ಬೇರೇನೂ ಇರಲಿಲ್ಲ. ನಾನು ಸಕ್ಕರೆ ಹಾಕಿದ್ದರೆ ಆ ಸಕ್ಕರೆ ಎಲ್ಲಿ ಹೋಯಿತು ಎಂದು ಕೇಳಿದೆ. ಅವರು ಮುಂದಿನ ವಿಷಯಕ್ಕೆ ಹೋದರು.

ಮತ್ತೊಮ್ಮೆ ಮಾಡಿ ತೋರಿಸುತ್ತೇನೆ ಎಂದು ಊರಿಗೆ ಹೋದೆ. ಅವ್ವ ಗಿಡದ ಮುಂದೆ ನಿಂತು ನನ್ನ ಹೆಸರು ಗಟ್ಟಿಯಾಗಿ ಹೇಳಿದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ನಾನೂ ಹೇಳಿದೆ. ಬೇರು ತಂದು, ಮೊದಲಿನಂತೆಯೇ ಎಲ್ಲ ಮಾಡಿ, ಅದೇ ಕಿಟಕಿಯ ಪಕ್ಕ ಇಟ್ಟೆ. ಪಾಕ ಪಾಕವಾಗಿಯೇ ಇತ್ತು. ಅವ್ವ ದಿನಾ ಫೋನ್ ಮಾಡಿ “ಕಟ್ತಾ?” ಎಂದು ಕೇಳಿ, ಕೊನೆಗೆ ಕೇಳುವುದನ್ನೇ ಬಿಟ್ಟಳು.

ಸರಗೂರಿನ ನಮ್ಮ ಚಿಕ್ಕಪ್ಪನಿಗೆ ಇದೆಲ್ಲ ಹೇಗೋ ತಿಳಿಯಿತು. “ಪರೀಕ್ಸೆ ಮಾಡಕ್ಕೋದ್ರೆ ಒಲೀತದಾ ಮಗಾ? ನಂಬ್ಕೆ ಇರ್ಬೇಕು” ಎಂದರು. ನನಗೆ ಮೈಯೆಲ್ಲ ಉರಿಯಿತು. ಮೊದಲ ಸಲ ಕಟ್ಟಿದಾಗ ನನಗೆ ಯಾವ ನಂಬಿಕೆ ಇತ್ತು? ಕಟ್ಟಿದರೆ ಗಿಡದ ಮಹಿಮೆ, ಕಟ್ಟದಿದ್ದರೆ ನನ್ನ ಕೊಬ್ಬು ಎನ್ನುವುದಾದರೆ ಇವರಿಗೂ ನನ್ನ ಗೈಡ್‌ಗೂ ಏನು ವ್ಯತ್ಯಾಸ? ಇಬ್ಬರೂ ನಾನು ಕಂಡದ್ದೇನು ಎಂದು ಒಂದು ಸಲವೂ ಕೇಳಲಿಲ್ಲ.

ಹರಳಿನ ಮಾತೇ ಎತ್ತದೆ, ಅದು ಪಾಕವೆಂದಷ್ಟೇ ಬರೆದರೆ ಅಧ್ಯಾಯಕ್ಕೆ ಸಹಿ ಹಾಕುತ್ತೇನೆ ಎಂದರು ಗೈಡ್. ಕಂಡದ್ದನ್ನು ಕಾಣಲಿಲ್ಲವೆಂದು ಬರೆಯುವುದು ನನ್ನಿಂದ ಆಗಲಿಲ್ಲ. ಅಧ್ಯಾಯವೇ ಬಿದ್ದುಹೋಯಿತು. ಉಳಿದ ಸಣ್ಣಪುಟ್ಟ ಕೆಲಸಗಳ ಮೇಲೆ ಡಿಗ್ರಿ ಸಿಕ್ಕಿತು. ಆ ವಸ್ತುವಿಗೆ ಇವತ್ತಿಗೂ ಹೆಸರಿಲ್ಲ. ಆ ಸಂಜೆ ಏನಾಯಿತೋ ಕಾಣೆ. ನಾನು ಅದಕ್ಕೆ ಏನೂ ಹಾಕಿರಲಿಲ್ಲ, ಅಷ್ಟು ಮಾತ್ರ ಗೊತ್ತು.

ಅವ್ವನಿಗೆ ಅಧ್ಯಾಯ, ಎಕ್ಸ್-ರೇ ಇದಾವುದೂ ತಲೆಗೆ ಹೋಗಲಿಲ್ಲ. ಮಗಳೇ ಏನೋ ಹಾಕಿದಳು ಎಂದರಂತೆ ಎನ್ನುವುದು ಮಾತ್ರ ಎದೆಗೆ ನಾಟಿತ್ತು. ನಾನು ಊರಿಗೆ ಹೋಗಿದ್ದ ಒಂದು ಮಧ್ಯಾಹ್ನ ಉಂಡ ಕೈ ತೊಳೆದವಳೇ ದಡದಡ ಬದುವಿನ ಕಡೆ ನಡೆದಳು. ಹಿಂದೆಯೇ ಹೋದೆ. ಗಿಡದ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು, ಪಕ್ಕದ ಹೊಲಕ್ಕೂ ಕೇಳುವ ಹಾಗೆ ಕೂಗಾಡಿದಳು:

“ಒಂದ್ ದಪ ಆದದ್ದು ಇನ್ನೊಂದ್ ದಪ ಆಗಕ್ಕೆ ಏನ್ ದಾಡಿ ಬಂದಿತ್ತು ನಿಂಗೆ? ಎಸ್ರು ಯೋಳ್ಳಿಲ್ವಾ ನಾನು? ಅಷ್ಟ್ ಜನದ್ ಮುಂದೆ ನನ್ ಮಗಳ್ನ ಕಳ್ಳಿ ಮಾಡ್ಬುಟ್ಟಲ್ಲಾ!”

ಕೂಗಿ ಸುಸ್ತಾಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಿಡಕ್ಕೆ ಕಿವಿ ಇಲ್ಲ, ಬಾ ಅವ್ವ, ಹೋಗೋಣ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅದು ಏನನ್ನುತ್ತದೋ ಎಂದು ಅವಳ ಪಕ್ಕದಲ್ಲೇ ಕಾದು ನಿಂತಿದ್ದೆ.