ಸೇರಿನೊಳಗಿನ ಪಾವು

ಸ್ಪಿರಿಟ್ಟಿನ ವಾಸನೆ ಬಂದರೆ ಜನಕ್ಕೆ ಆಸ್ಪತ್ರೆ ನೆನಪಾಗುತ್ತದೆ. ನನಗೆ ನಮ್ಮ ವಿಜ್ಞಾನದ ಅಕ್ಕೋರು ನೆನಪಾಗುತ್ತಾರೆ, ಅದೂ ಸಿಟ್ಟಿನ ಜೊತೆಗೇ. ಹೋದ ವಾರ ಸವದತ್ತಿಯಿಂದ ತಮ್ಮ ಬಂದ. ಹಿಂದೆ ಅವನ ಮಗಳು, ಬೆರಳಿಗೆ ಹತ್ತಿ ಒತ್ತಿ ಹಿಡಿದುಕೊಂಡು. ಬರುವ ದಾರಿಯಲ್ಲೇ ಲ್ಯಾಬಿಗೆ ಹೋಗಿ ಅವಳ ರಕ್ತದ ಗುಂಪು ನೋಡಿಸಿಕೊಂಡು ಬಂದಿದ್ದ. ಅವಳನ್ನು ನನ್ನ ಮಗನಿಗೆ ಕೊಡಬೇಕೆಂಬುದು ಅವನ ಆಸೆ.

“ಅಕ್ಕಾ, ಈಕಿದು ಬಿ, ನಿನ್ನ ಮಗಂದು ಓ. ಗುಂಪ ಬ್ಯಾರೆ ಅದಾವ. ಇನ್ನೇನ ತಕರಾರು?” ಎಂದ.

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಇದೇ ಮಾತು, ಇದೇ ಬೈಲಹೊಂಗಲದಲ್ಲಿ, ಒಂದು ಕಾಲಕ್ಕೆ ನನ್ನ ಬಗ್ಗೆಯೂ ಆಡಿದ್ದರು...

ಅಕ್ಕೋರು ನಮ್ಮ ಓಣಿಯವರು, ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ಅವರಷ್ಟು ತಲೆ ತಿನ್ನುವ ಮನುಷ್ಯರನ್ನು ನಾನು ಕಂಡಿಲ್ಲ. ಲೆಕ್ಕವೆಲ್ಲ ಸರಿಯಿದ್ದರೂ ಉತ್ತರದ ಮುಂದೆ ಮೀಟರೋ ಗ್ರಾಮೋ ಬರೆಯದಿದ್ದರೆ ಸೊನ್ನೆ. “ಬರೇ ಹನ್ನೆರಡಂದ್ರ ಹನ್ನೆರಡ ಏನು? ಬದನಿಕಾಯೇನು?” ಎಂದು ಇಡೀ ಕ್ಲಾಸಿನೆದುರು ಕೇಳುತ್ತಿದ್ದರು. ನನಗೆ ಜ್ವರ ಬಂದಾಗ ನೋಡಲು ಬಂದು, ನೂರಾ ಎರಡು ಇದೆ ಎಂದು ಅವ್ವ ಹೇಳಿದರೆ, ಫ್ಯಾರನ್‌ಹೀಟೋ ಸೆಲ್ಸಿಯಸ್ಸೋ ಎಂದು ಕೇಳಿದ್ದರು. ಅವ್ವ ಆ ದಿನ ಅವರಿಗೆ ಚಹಾ ಕೊಡಲಿಲ್ಲ.

ಎದುರು ಮನೆಯಲ್ಲಿದ್ದ ಆಯಿಗಂತೂ, ಅಂದರೆ ಅವ್ವನ ತಾಯಿಗೆ, ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆಯಿ ಜೋಳ ಅಳೆಯುವುದು ಹಿತ್ತಾಳೆಯ ಸೇರಿನಲ್ಲಿ. ಸೇರು ಒಂದು ಮಾಪನವೇ ಅಲ್ಲ, ಊರಿಗೊಂದು ಸೇರು, ಇಲ್ಲಿಯದು ರಾಮದುರ್ಗದಲ್ಲಿ ನಡೆಯುವುದಿಲ್ಲ, ಕಿಲೋದಲ್ಲಿ ತೂಗಿರಿ ಎಂದು ಅಕ್ಕೋರ ಹಟ. ನಿಮ್ಮ ಕಿಲೋ ನಿಮ್ಮ ಸಾಲಿಯಲ್ಲೇ ಇರಲಿ ಎಂದು ಆಯಿ ಮುಖ ತಿರುಗಿಸುತ್ತಿದ್ದಳು.

ನಾನು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಆಯಿ ತನ್ನ ಕಿರಿಮಗನಿಗೆ ನನ್ನನ್ನೇ ತರಬೇಕೆಂದಳು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಸಂಬಂಧದಲ್ಲಿ ಕೊಟ್ಟರೆ ಮಕ್ಕಳಿಗೆ ದೋಷ ಬರುತ್ತದೆಂದು ಯಾರೋ ಹೆದರಿಸಿದ್ದಕ್ಕೆ ರಕ್ತ ನೋಡಿಸಿದರು. ಗುಂಪು ಬೇರೆ ಬೇರೆ ಬಂತು. ರಕ್ತವೇ ಬೇರೆ ಅಂದಮೇಲೆ ದೋಷವೆಲ್ಲಿಯದು ಎಂದು ಸಕ್ಕರೆ ಹಂಚಿಯೇ ಬಿಟ್ಟರು. ನನ್ನನ್ನು ಎತ್ತಿ ಆಡಿಸಿದ ಮಾವ ಅವನು... ನನಗೆ ಬೇಕಿರಲಿಲ್ಲ. ಮನೆಯಲ್ಲಿ ಹೇಳಲು ಧೈರ್ಯವಿಲ್ಲದೆ ಅಕ್ಕೋರ ಮುಂದೆ ಹೋಗಿ ಅತ್ತೆ.

ಅಕ್ಕೋರು ಆಯಿಯ ಮನೆಗೇ ಬಂದರು. ಈ ಲಗ್ನ ಬೇಡ ಎಂದು ಹೇಳಿ ಮುಗಿಸಬಾರದೇ? ಇಲ್ಲ. ಉದ್ದಕ್ಕೆ ಮೀಟರು ಹೇಗೋ ಹಾಗೆ ವಂಶದಿಂದ ಬರುವ ಗುಣಕ್ಕೆ ಜೀನ್ ಮೂಲ ಘಟಕ ಎಂದು ಪಾಠ ಶುರು ಮಾಡಿದರು. ರಕ್ತದ ಗುಂಪೆಂದರೆ ಒಂದೆರಡು ಜೀನಿನ ಮಾತು, ಉಳಿದ ಸಾವಿರಾರು ಏನಾದವು ಎಂದರು. ಅಪ್ಪ ಎದ್ದು ಹೋದ. ಆಯಿ ಆಕಳಿಸಿದಳು. ನನಗೆ ಅಲ್ಲೇ ಕಿರುಚಬೇಕೆನಿಸಿತು.

ಆಗ ಅಕ್ಕೋರು ಎದ್ದು, ಆಯಿಯ ಸೇರನ್ನೇ ತಂದು, ಜೋಳ ತುಂಬಿ ಮುಂದಿಟ್ಟರು.

“ಆಯೀ, ಇದು ನಿಮ್ಮ ಮಗ ಅಂತ ತಿಳೀರಿ. ಇದರಾಗ ಅಚ್ಚೇರು, ಅರ್ಧಾ, ನಿಮ್ಮ ಮಗಳ ಜೋಡಿ ಒಂದ ಇರತೈತಿ. ಅದರಾಗಿನ ಅರ್ಧ ಈ ಹುಡುಗಿಗೆ ಬಂದೈತಿ. ಅಂದ್ರ ಸೇರಿನಾಗ ಪಾವು ಜೋಳ ಇಬ್ಬರದೂ ಒಂದ. ಅದರಾಗ ಹುಳಾ ಹಿಡಿದದ್ದು ಇತ್ತಂದ್ರ, ಕೂಸಿಗೆ ಎರಡೂ ಕಡಿಂದ ಅದ ಬರಬಹುದು.”

“ನಾನೂ ಸೋದರಮಾವನ್ನ ಲಗ್ನ ಆದಾಕಿ. ನನಗೇನಾಗೇತಿ?” ಎಂದಳು ಆಯಿ.

ಬಾಗಿಲ ಬಳಿ ಆಯಿಯ ಹಿರಿಮಗ, ನಮ್ಮ ದೊಡ್ಡಮಾವ, ಕುಳಿತಿದ್ದ. ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ತನ್ನ ಪಾಡಿಗೆ ಜೋಳ ನೋಡಿ ನಗುತ್ತಿದ್ದ. ಆಯಿ ಅವನನ್ನು ನೋಡಿದಳು, ಸೇರನ್ನು ನೋಡಿದಳು... ಆಮೇಲೆ ಜೋಳವನ್ನೆಲ್ಲ ಚೀಲಕ್ಕೆ ಸುರಿದು, ಹುಡುಗಿಯನ್ನು ಕಾಲೇಜಿಗೆ ಕಳಿಸಿರಿ ಎಂದಷ್ಟೇ ಹೇಳಿ ಒಳಗೆ ಹೋದಳು.

ಹೊರಡುವಾಗ ಅಕ್ಕೋರು ನನ್ನನ್ನು ಕರೆದರು. ಸಮಾಧಾನದ ಮಾತೇನೋ ಹೇಳುತ್ತಾರೆಂದು ಹೋದರೆ, ಪರೀಕ್ಷೆಯಲ್ಲಿ ಸೇರು, ಪಾವು ಎಂದು ಬರೆದರೆ ಸೊನ್ನೆಯೇ ಎಂದು ಎಚ್ಚರಿಸಿದರು. ಎಂಥಾ ಹೆಂಗಸು!

ಆ ಸೇರು ಈಗ ನನ್ನ ಮನೆಯಲ್ಲಿದೆ. ಅದನ್ನೇ ತಮ್ಮನ ಮುಂದಿಟ್ಟೆ. ನನ್ನ ಮಗ, ಅವನ ಮಗಳು ಅಕ್ಕ-ತಮ್ಮನ ಮಕ್ಕಳಾದ್ದರಿಂದ ಇವರದು ಪಾವಿನ ಅರ್ಧ. ಅಳೆದು ತೋರಿಸಿದೆ. ಇಷ್ಟೇ ಅಲ್ಲವೇ ಎಂದು ಅವನು ನಕ್ಕ. ನನಗೆ ಮೈಯೆಲ್ಲ ಉರಿಯಿತು.

“ಆಯಿ ಸಾಯೂತನಕ ದೊಡ್ಡಮಾವನ ಬಾಯಿಂದ ಒಮ್ಮೆ ‘ಅವ್ವಾ’ ಅಂತ ಕೇಳಲಿಲ್ಲ. ಅದನ್ನ ಯಾವ ಮಾಪಿನಾಗ ಅಳೀತಿ?”

ಲ್ಯಾಬಿನ ಚೀಟಿಯನ್ನು ತಮ್ಮ ಮಡಚಿ ಜೇಬಿಗಿಟ್ಟುಕೊಂಡ. ಅವನ ಮಗಳು ಬೆರಳಿನ ಹತ್ತಿ ತೆಗೆದು, ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಮೆಲ್ಲಗೆ ಕೇಳಿದಳು. ನಮ್ಮ ಅಕ್ಕೋರು ಎಂದೆ. ಅವರ ಮನೆಗೆ ಹೋಗೋಣ ಎಂದಳು.

ಎಲ್ಲಿಗೆ ಹೋಗುವುದು... ಅಕ್ಕೋರು ಹೋದ ವರ್ಷವೇ ತೀರಿಕೊಂಡರು. ಇದ್ದಿದ್ದರೆ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದರು: ಅರ್ಧ ಪಾವು ಅಂದರೆ ಎಷ್ಟು ಗ್ರಾಮು? ಜೋಳ ಹಿಡಿದುಕೊಂಡು, ಯಾರಾದರೂ ಹಾಗೆ ಕೇಳಲಿ ಎಂದು ಸ್ವಲ್ಪ ಹೊತ್ತು ಕಾದೆ. ಯಾರೂ ಕೇಳಲಿಲ್ಲ.