ಸಾಮಾನಿಗೆ ಹೊಡೆಯುವ ಹೊನ್ನಯ್ಯ

ನೆಕ್ರಾಜೆಯ ಹೊನ್ನಯ್ಯನವರಿಗೆ ಜವಳಿ ವ್ಯಾಪಾರ ಎಂದು ನಾನು ಬಹಳ ಕಾಲ ನಂಬಿದ್ದೆ. ಅವರ ಹೆಂಡತಿ ತುಂಗಾ ಬದಿಯಡ್ಕದ ಬಸ್‌ಸ್ಟ್ಯಾಂಡಿನಲ್ಲಿ, "ಇವರಿಗೆ ಈಗ ಉತ್ತರದಲ್ಲಿ ಎಂತದೋ ಆಂಟಿ ಮೆಟೀರಿಯಲ್‌ನ ಡ್ಯೂಟಿ" ಎಂದಿದ್ದರು. ನಮ್ಮಲ್ಲಿ ಮೆಟೀರಿಯಲ್ ಎಂದರೆ ಚೂಡಿದಾರದ ಬಟ್ಟೆ. ಆಂಟಿಯರಿಗೆ ಬೇರೆಯೇ ಮೆಟೀರಿಯಲ್ ಬರುತ್ತಿರಬಹುದು ಎಂದುಕೊಂಡೆ.

ಅವರು ರಜೆಯಲ್ಲಿ ಬಂದಾಗ ವಿಚಾರಿಸಿದೆ.

"ನಿಮ್ಮ ಮೆಟೀರಿಯಲ್ ಎಷ್ಟು ಮೀಟರ್ ಬರ್ತದೆ?"

"ಸಾವಿರದ ಎಂಟುನೂರು. ಗಾಳಿ ಇಲ್ಲದಿದ್ದರೆ."

"ಅಷ್ಟನ್ನು ಹೊರುವುದು ಹೇಗೆ?"

"ಎರಡು ತುಂಡು ಮಾಡಿ ಇಬ್ಬರು ಹೊರುವುದು. ಮತ್ತೆ ಜೋಡಿಸುವುದು."

"ಹೊಲಿಗೆ ಕಾಣುವುದಿಲ್ಲವಾ?"

ಅವರು ನನ್ನನ್ನು ಗಡಿ ದಾಟಿ ಬಂದವನನ್ನು ನೋಡುವ ಹಾಗೆ ನೋಡಿದರು. ಆಮೇಲೆ ತಿಳಿಯಿತು, ಅವರು ಗಡಿ ಕಾಯುವ ಜವಾನರು. ಅವರ ಮೆಟೀರಿಯಲ್ ಒಂದು ಕೋವಿ. ಮಂಗನಿಗೆ ಹೊಡೆಯುವ ನಮ್ಮ ತೋಟದ ಕೋವಿಯಲ್ಲ. ನಿಲ್ಲಿಸಿದರೆ ಹೊನ್ನಯ್ಯನವರಷ್ಟೇ ಎತ್ತರ, ಮುಂದೆ ಎರಡು ಕಾಲು. ಹೊಡೆದಾಗ ನಳಿಗೆಯೇ ಹಿಂದೆ ಸರಿದು ಅರ್ಧ ಪೆಟ್ಟು ನುಂಗಿಕೊಳ್ಳುತ್ತದೆ, ಉಳಿದರ್ಧ ಭುಜಕ್ಕೆ. ಸದ್ದೆಲ್ಲ ಬಲಗಿವಿಗೆ. ಆ ಕಿವಿ ಈಗ ಅಲಂಕಾರಕ್ಕೆ ಮಾತ್ರ. ಆ ಕೋವಿ ಮಾಡಿದ್ದು ಮನುಷ್ಯರಿಗಾಗಿ ಅಲ್ಲ. ದೂರದ ಜೀಪಿನ ಎಂಜಿನು, ಎಣ್ಣೆಯ ಟಾಂಕಿ, ಬಂಕರಿನ ಗೋಡೆ, ಇಂಥ ಸಾಮಾನಿಗೆ. ಅದಕ್ಕೇ ಆಂಟಿ ಮೆಟೀರಿಯಲ್ ಎಂಬ ಹೆಸರು.

೨೦೧೬ರಲ್ಲಿ ನಿವೃತ್ತರಾಗಿ ಬಂದಾಗ ಮಗಳು ದೀಕ್ಷಿತಾಳಿಗೆ ಮೀಂಜದ ವಿಜೇತ್‌ನ ಸಂಬಂಧ ಕೂಡಿಬಂದಿತ್ತು. ಹುಡುಗಿಗೆ ಹುಡುಗ ಒಪ್ಪಿಗೆ, ಹುಡುಗನಿಗೂ. ಹುಡುಗನ ತಾಯಿಗೆ ಮಾತ್ರ, ಕೋವಿ ಹಿಡಿದವರು ಎಷ್ಟು ಜನರನ್ನು ಕೊಂದಿರಬಹುದೋ ಎಂಬ ಅಳುಕು.

ಅಳುಕು ನಿವಾರಿಸಲು ಹೊರಟವರು ನಮ್ಮ ಕಲಾ ಸಂಘದ ಅಧ್ಯಕ್ಷ ಉದಯಶಂಕರ. ಮೈಕ್ ಇಲ್ಲದೆಯೂ 'ಆತ್ಮೀಯ ಬಂಧುಗಳೇ' ಎನ್ನುವವರು. ಮೀಂಜಕ್ಕೆ ಹೋಗಿ ಹೇಳಿದರಂತೆ: "ಹೊನ್ನಯ್ಯಣ್ಣ ಮನುಷ್ಯರ ಮೈ ಮುಟ್ಟಿದವರಲ್ಲ. ಅವರದ್ದು ಏನಿದ್ದರೂ ಸಾಮಾನಿಗೆ ಹೊಡೆಯುವುದು. ಹೊಡೆದರೆ ಒಂದೂ ಉಳಿಯುವುದಿಲ್ಲ."

"ಎಲ್ಲ ಕ್ಲಿಯರ್ ಮಾಡಿ ಬಂದೆ" ಎಂದು ನಮ್ಮಲ್ಲಿ ಹೇಳಿಕೊಂಡರು.

ಕ್ಲಿಯರ್ ಆದದ್ದು ಮೀಂಜದವರ ಫೋನು, ಅಲ್ಲಿಂದ ಕರೆ ಬರುವುದೇ ನಿಂತಿತು. ಹುಡುಗಿಯ ಅಪ್ಪ ಕುಡಿದು ಬಂದು ಮನೆಯ ಪಾತ್ರೆಪಗಡೆ ಎಲ್ಲ ಒಡೆಯುತ್ತಾರಂತೆ ಎಂದು ಅಲ್ಲಿ ಸುದ್ದಿ. ಮಜ್ಜಿಗೆ ಬಿಟ್ಟು ಬೇರೇನೂ ಕುಡಿಯದ ಹೊನ್ನಯ್ಯನವರಿಗೆ ತಲೆಬುಡ ತಿಳಿಯಲಿಲ್ಲ. "ಸಾಮಾನಾ? ಯಾವ ಅಂಗಡಿಯದ್ದು?" ಎಂದರು. ದೀಕ್ಷಿತಾ ಊಟ ಅರ್ಧಕ್ಕೇ ಬಿಟ್ಟು ಏಳತೊಡಗಿದಳು. ಸುದ್ದಿ ಕೇಳಿದ ಪಕ್ಕದ ಮನೆಯಾಕೆ, ತಾನು ಕೊಟ್ಟಿದ್ದ ಉಪ್ಪಿನಕಾಯಿಯ ಪಿಂಗಾಣಿ ಭರಣಿಯನ್ನು ಅವಸರದಲ್ಲಿ ವಾಪಸು ಒಯ್ದಳು.

ಕೊನೆಗೆ ವಿಜೇತ್ ಹಟ ಹಿಡಿದು ತಾಯಿಯನ್ನು ನೆಕ್ರಾಜೆಗೆ ಕರೆತಂದ. ತುಂಗಾ ಚಾ ಕೊಟ್ಟದ್ದು ಸ್ಟೀಲಿನ ಲೋಟದಲ್ಲಿ. ತಾಯಿ ಲೋಟವನ್ನು ತಿರುಗಿಸಿ ನೋಡಿ ಮಗನ ಮುಖ ನೋಡಿದರು: ಈ ಮನೆಯಲ್ಲಿ ಗಾಜಿನದ್ದು ಒಂದೂ ಉಳಿದಿಲ್ಲ.

"ಬಂಧುಗಳೇ, ಸಾಮಾನು ಎಂದರೆ" ಎಂದು ನಮ್ಮ ಜೊತೆ ಕೂತಿದ್ದ ಉದಯಶಂಕರ ಎದ್ದು ನಿಂತರು.

"ನೀವು ಕೂತುಕೊಳ್ಳಿ ಮಾರಾಯ್ರೆ," ಎಂದರು ತುಂಗಾ. "ಅಕ್ಕ, ಇವರು ಹೊಡೆದದ್ದು ವೈರಿಗಳ ಜೀಪಿಗೆ, ಟಾಂಕಿಗೆ. ಇಲ್ಲಿಯ ಪಾತ್ರೆ ಚಟ್ಟಿಗೆ ಅಲ್ಲ."

ತಾಯಿ ಒಮ್ಮೆ ಉದಯಶಂಕರರನ್ನು ನೋಡಿದರು, ಒಮ್ಮೆ ಹೊನ್ನಯ್ಯನವರನ್ನು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ಚಾ ಕುಡಿದರು. "ಸೋಣ ತಿಂಗಳು ಕಳೆಯಲಿ, ಮದುವೆಗೆ ದಿನ ನೋಡುವ" ಎಂದರು. ಒಳಗೆ ದೀಕ್ಷಿತಾಳ ಬಳೆ ಸದ್ದಾಯಿತು.

ಆದರೂ ಏಳುವ ಮೊದಲು ಆಕೆಗೆ ಕೇಳದೆ ಇರಲಾಗಲಿಲ್ಲ. "ಆದರೂ ಅಣ್ಣ, ಸಿಟ್ಟು ಬಂದಾಗ ಮನೆಯಲ್ಲಿ ಒಂದು ಪಾತ್ರೆಯನ್ನಾದರೂ ಹೊಡೆದದ್ದು ಉಂಟಾ?"

ಹೊನ್ನಯ್ಯ ಎಡಗಿವಿ ಕೊಟ್ಟು ಪೂರ್ತಿ ಕೇಳಿದರು.

"ನನ್ನ ಗುರಿಗೆ ಸಾಮಾನು ಒಂದು ಕಿಲೋಮೀಟರ್ ಆಚೆ ಇರಬೇಕು ಅಕ್ಕ. ನಮ್ಮ ಅಡಿಗೆಕೋಣೆ ಅಷ್ಟು ಉದ್ದ ಇಲ್ಲ."